ಗಟ್ಟಿ ಕೈಯನ್ನು ಯಾವಾಗ ಬಿಡಬೇಕು: ಹೋಲ್ಡೆಮ್‌ನಲ್ಲಿ ರೈಸ್ ಎದುರಾದಾಗ ಲೆಕ್ಕ ಹಾಕುವ ಕ್ರಮ

ತೀನ್ ಪತ್ತಿ ಆಡಿ ಬೆಳೆದವರು ಟೆಕ್ಸಾಸ್ ಹೋಲ್ಡೆಮ್‌ಗೆ ಬರುವಾಗ ಒಂದು ಅಭ್ಯಾಸವನ್ನು ಜೊತೆಯಲ್ಲೇ ತರುತ್ತಾರೆ. ಅಲ್ಲಿ ಕೈಗೆ ಬಂದ ಮೂರು ಎಲೆಗಳು ಆಟ ಮುಗಿಯುವವರೆಗೂ ಅವೇ ಆಗಿರುತ್ತವೆ. ಟ್ರಯಲ್ (ಒಂದೇ ಅಂಕಿಯ ಮೂರು ಎಲೆ) ಬಂದರೆ ಅದು ಕೊನೆಯವರೆಗೂ ಟ್ರಯಲ್ಲೇ, ಅದರ ಬೆಲೆ ನಡುವೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೋಲ್ಡೆಮ್‌ನಲ್ಲಿ ಹಾಗಲ್ಲ. ಏಳು ಎಲೆಗಳಲ್ಲಿ ಐದು ಎಲ್ಲರಿಗೂ ಸೇರಿದ ಬೋರ್ಡಿನ ಎಲೆಗಳಾಗಿರುವುದರಿಂದ, ಒಂದೊಂದು ಎಲೆ ಬಿದ್ದಂತೆ ನಿಮ್ಮ ಕೈಯ ಬೆಲೆ ಹೊಸದಾಗಿ ನಿರ್ಧಾರವಾಗುತ್ತದೆ. ಎಲೆ ಹಂಚಿದಾಗ ಎಲ್ಲಕ್ಕಿಂತ ಮೇಲಿದ್ದ ಎಕ್ಕದ ಜೋಡಿ ಟರ್ನ್ (ಬೋರ್ಡಿನ ನಾಲ್ಕನೆಯ ಎಲೆ) ಹೊತ್ತಿಗೆ ಬರೀ ಒಂದು ಜೋಡಿಯಾಗಿ ಉಳಿಯಬಹುದು. ಆಟಗಾರ ಮಾತ್ರ ಅದನ್ನು ಮೊದಲಿನ ಬೆಲೆಯಲ್ಲೇ ನೋಡುತ್ತಾ, ಎದುರಾಳಿ ರೈಸ್ ಮಾಡಿದಾಗ (ಪಣ ಏರಿಸಿದಾಗ) ‘ಇಷ್ಟು ದೊಡ್ಡ ಕೈ ಬಿಡುವುದು ಹೇಗೆ’ ಎಂದು ಚಿಪ್ ಮುಂದಕ್ಕೆ ತಳ್ಳುತ್ತಾನೆ.

ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು. ರೈಸ್ ಎದುರಾದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನ್ನ ಕೈ ಎಷ್ಟು ಗಟ್ಟಿ’ ಎಂಬುದಲ್ಲ. ‘ನನಗೆ ಸೋಲುವ ಯಾವ ಯಾವ ಕೈಗಳು ಇಲ್ಲಿ, ಈ ಮೊತ್ತಕ್ಕೆ ರೈಸ್ ಮಾಡುತ್ತವೆ’ ಎಂಬುದು. ಆ ಕೈಗಳನ್ನು ಹೆಸರಿಸಿ ಎಣಿಸಲು ಬಂದರೆ ಕಾಲ್ ಮಾಡಲು (ಅವರು ಹಾಕಿದಷ್ಟನ್ನು ಹಾಕಿ ಮುಂದುವರಿಯಲು) ಕಾರಣವಿದೆ. ಹೆಸರಿಸಲು ಆಗದಿದ್ದರೆ ನಿಮ್ಮ ಕೈಯ ಅಂದಕ್ಕೆ ಅಲ್ಲಿ ಬೆಲೆಯಿಲ್ಲ.

ಕಾಲ್, ರೈಸ್, ಫೋಲ್ಡ್, ಪಾಟ್, ಫ್ಲಾಪ್, ಟರ್ನ್, ರಿವರ್ ಎಂಬ ಪದಗಳನ್ನು ಆಟದ ಮೇಜಿನಲ್ಲಿ ಬಳಸುವಂತೆಯೇ ಇಲ್ಲಿಯೂ ಬಳಸುತ್ತೇನೆ. ಫೋಲ್ಡ್ ಎಂದರೆ ಕೈ ಬಿಡುವುದು, ಪಾಟ್ ಎಂದರೆ ನಡುವೆ ಕೂಡಿದ ಪಣ, ಫ್ಲಾಪ್ ಎಂದರೆ ಬೋರ್ಡಿನ ಮೊದಲ ಮೂರು ಎಲೆ, ರಿವರ್ ಎಂದರೆ ಐದನೆಯ, ಕೊನೆಯ ಎಲೆ. ಬಣ್ಣಗಳನ್ನು ನಮ್ಮ ಮನೆಗಳಲ್ಲಿ ಹೇಳುವ ಹಾಗೆ ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಎಂದು ಕರೆದಿದ್ದೇನೆ. ಎಲ್ಲ ಮೊತ್ತಗಳೂ ಚಿಪ್‌ಗಳಲ್ಲಿವೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2025ರ ಆಗಸ್ಟ್‌ನಲ್ಲಿ ಅಂಗೀಕಾರವಾಗಿರುವುದರಿಂದ, ಇಲ್ಲಿನ ಲೆಕ್ಕಗಳನ್ನು ಕಾಗದದ ಮೇಲೆ ಅಥವಾ ಗೆಳೆಯರೊಡನೆ ಬರೀ ಚಿಪ್ ಇಟ್ಟು ಅಭ್ಯಾಸ ಮಾಡುವುದು ಸೂಕ್ತ.

ಮೊದಲ ಹೆಜ್ಜೆ: ಬೋರ್ಡಿನಲ್ಲಿ ನಿಮ್ಮ ಕೈ ಎಷ್ಟನೆಯದು ಎಂದು ನೋಡುವುದು

ಎರಡು ಜೋಡಿ, ಸೆಟ್ (ಕೈಯ ಜೋಡಿ ಮತ್ತು ಅದೇ ಅಂಕಿಯ ಬೋರ್ಡಿನ ಎಲೆ), ಫ್ಲಶ್ (ಒಂದೇ ಬಣ್ಣದ ಐದು ಎಲೆ) ಎಂಬ ಹೆಸರುಗಳನ್ನು ಸ್ವಲ್ಪ ಹೊತ್ತು ಮರೆತು, ಈ ಬೋರ್ಡಿನಲ್ಲಿ ನಿಮ್ಮನ್ನು ಸೋಲಿಸುವ ಕೈಗಳನ್ನು ಮೇಲಿನಿಂದ ಕೆಳಕ್ಕೆ ಹೇಳಿಕೊಳ್ಳಿ. ರಾಜ, ಎಂಟು, ನಾಲ್ಕು ಬಿದ್ದ, ಬಣ್ಣ ಕೂಡದ ಬೋರ್ಡಿನಲ್ಲಿ ಎಕ್ಕದ ಜೋಡಿಯ ಮೇಲಿರುವುದು ಮೂರು ಸೆಟ್‌ಗಳು ಮತ್ತು ಕೆಲವು ಎರಡು ಜೋಡಿಗಳು ಮಾತ್ರ. ಅದೇ ಎಕ್ಕದ ಜೋಡಿ ಇಸ್ಪೀಟಿನ ಹತ್ತು, ಒಂಬತ್ತು, ಎಂಟು ಬಿದ್ದ ಬೋರ್ಡಿನಲ್ಲಿದ್ದರೆ ಅದರ ಮೇಲೆ ಸ್ಟ್ರೈಟ್ (ಸಾಲಾಗಿ ಬರುವ ಐದು ಅಂಕಿ), ಫ್ಲಶ್, ಸೆಟ್, ಎರಡು ಜೋಡಿ ಎಲ್ಲವೂ ಇವೆ. ಎರಡೂ ಕಡೆ ಕೈಯ ಹೆಸರು ಒಂದೇ ಆದರೂ ಸ್ಥಾನ ಬೇರೆ.

ಇದರ ಜೊತೆಗೆ ಇನ್ನೊಂದನ್ನು ಗಮನಿಸಿ. ಒಣ ಬೋರ್ಡಿನಲ್ಲಿ, ಅಂದರೆ ಎಲೆಗಳು ಒಂದಕ್ಕೊಂದು ಹೊಂದದೆ ಬಣ್ಣವೂ ಸೇರದೆ ಬಿದ್ದಲ್ಲಿ, ನಿಮ್ಮನ್ನು ಸೋಲಿಸುವ ಕೈಗಳು ಕಡಿಮೆ ಎಂಬುದು ನಿಜ. ಆದರೆ ಅಲ್ಲಿ ಬ್ಲಫ್ ಮಾಡಲು (ಗಟ್ಟಿ ಕೈ ಇಲ್ಲದೆಯೂ ಇರುವಂತೆ ಪಣ ಹಾಕಲು) ನೆಪವಾಗುವ ಡ್ರಾಗಳೂ (ಇನ್ನೊಂದು ಎಲೆ ಬಿದ್ದರೆ ಗಟ್ಟಿಯಾಗುವ ಕೈಗಳೂ) ಕಡಿಮೆ. ಹಾಗಾಗಿ ಒಣ ಬೋರ್ಡಿನ ರೈಸ್ ಒದ್ದೆ ಬೋರ್ಡಿನ ರೈಸ್‌ಗಿಂತ ಹಗುರವೆಂದು ಭಾವಿಸುವುದು ತಪ್ಪು. ಬಹಳಷ್ಟು ಸಲ ಅದೇ ಹೆಚ್ಚು ಭಾರವಾಗಿರುತ್ತದೆ.

ಎರಡನೆಯ ಹೆಜ್ಜೆ: ಕಾಲ್‌ನ ದರ

ಕಾಲ್ ಮಾಡಲು ಹಾಕಬೇಕಾದ ಮೊತ್ತವನ್ನು, ಕಾಲ್ ಮಾಡಿದ ಮೇಲೆ ಆಗುವ ಒಟ್ಟು ಪಾಟ್‌ನಿಂದ ಭಾಗಿಸಿದರೆ, ನಷ್ಟವಾಗದಿರಲು ನೀವು ನೂರಕ್ಕೆ ಎಷ್ಟು ಸಲ ಗೆಲ್ಲಬೇಕು ಎಂಬುದು ತಿಳಿಯುತ್ತದೆ. ಮುಂದಿನ ಎರಡು ಹೆಜ್ಜೆಗಳಿಗೂ ಬೇಕಾಗುವ ಒಂದು ಉದಾಹರಣೆಯನ್ನು ಇಲ್ಲೇ ಎತ್ತಿಕೊಳ್ಳೋಣ.

ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ) 100/200. ಇಬ್ಬರ ಬಳಿಯೂ 20,000 ಚಿಪ್. ನಿಮ್ಮ ಕೈಯಲ್ಲಿ ಆಟೀನು ಎಕ್ಕ ಮತ್ತು ಕಳಾವರ್ ಎಕ್ಕ. ಮಧ್ಯದ ಸ್ಥಾನದಿಂದ 600ಕ್ಕೆ ರೈಸ್ ಮಾಡಿದ್ದೀರಿ, ಬಟನ್‌ನಲ್ಲಿ (ಕೊನೆಗೆ ಆಡುವ ಸ್ಥಾನದಲ್ಲಿ) ಕುಳಿತವರು ಕಾಲ್ ಮಾಡಿದ್ದಾರೆ, ಬ್ಲೈಂಡ್‌ಗಳು ಬಿಟ್ಟಿದ್ದಾರೆ, ಪಾಟ್ 1,500. ಫ್ಲಾಪ್‌ನಲ್ಲಿ ಡೈಮಂಡ್ ರಾಜ, ಕಳಾವರ್ ಎಂಟು, ಆಟೀನು ನಾಲ್ಕು. ನೀವು 800 ಹಾಕುತ್ತೀರಿ, ಅವರು ಕಾಲ್; ಪಾಟ್ 3,100. ಟರ್ನ್‌ನಲ್ಲಿ ಇಸ್ಪೀಟು ಒಂಬತ್ತು. ನೀವು 2,000 ಹಾಕುತ್ತೀರಿ, ಅವರು 7,000ಕ್ಕೆ ರೈಸ್ ಮಾಡುತ್ತಾರೆ.

ಈಗ ಪಾಟ್‌ನಲ್ಲಿರುವುದು 12,100. ನೀವು ಇನ್ನೂ ಹಾಕಬೇಕಾದದ್ದು 5,000. ಕಾಲ್ ಮಾಡಿದರೆ ಪಾಟ್ 17,100 ಆಗುತ್ತದೆ. 5,000ವನ್ನು 17,100ರಿಂದ ಭಾಗಿಸಿದರೆ ಸುಮಾರು ಶೇ. 29. ಮೇಲುನೋಟಕ್ಕೆ ಇದು ಅಗ್ಗದ ದರವೇ. ‘ಎಕ್ಕದ ಜೋಡಿ ನೂರಕ್ಕೆ ಮೂವತ್ತು ಸಲವಾದರೂ ಗೆಲ್ಲುವುದಿಲ್ಲವೇ’ ಎಂದು ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಕಾಲ್ ಮಾಡುತ್ತಾರೆ.

ಆದರೆ ಲೆಕ್ಕ ಅರ್ಧವಷ್ಟೇ ಆಗಿದೆ. ಕಾಲ್ ಮಾಡಿದ ಮೇಲೆ ನಿಮ್ಮಿಬ್ಬರ ಬಳಿಯೂ ತಲಾ 11,600 ಉಳಿಯುತ್ತದೆ, ಪಾಟ್ 17,100 ಇರುತ್ತದೆ. ಟರ್ನ್‌ನಲ್ಲಿ ಈ ಗಾತ್ರಕ್ಕೆ ರೈಸ್ ಮಾಡಿದವರು ರಿವರ್‌ನಲ್ಲಿ ಉಳಿದದ್ದನ್ನೂ ಹಾಕುವುದು ಸಹಜ. ಅದನ್ನೂ ಕಾಲ್ ಮಾಡುವ ಮನಸ್ಸು ನಿಮಗಿದ್ದರೆ, ನೀವು ನಿಜವಾಗಿ ಪಣಕ್ಕಿಡುತ್ತಿರುವುದು 5,000 ಅಲ್ಲ, 16,600. ಗೆಲ್ಲಲು ಸಾಧ್ಯವಿರುವುದು ಪಾಟ್‌ನ 12,100 ಮತ್ತು ಅವರ ಬಳಿ ಉಳಿದ 11,600, ಒಟ್ಟು 23,700. 16,600ವನ್ನು 40,300ರಿಂದ ಭಾಗಿಸಿದರೆ ಶೇ. 41 ದಾಟುತ್ತದೆ. ಟರ್ನ್‌ನ ರೈಸ್‌ಗೆ ಇಷ್ಟೊಂದು ಬಲವಿರುವುದು ಇದರಿಂದಲೇ: ಅದು ಈಗಿನ ಮೊತ್ತವನ್ನು ಕೇಳುತ್ತಿರುವಂತೆ ಕಂಡರೂ ನಿಮ್ಮ ಮುಂದಿರುವ ಎಲ್ಲ ಚಿಪ್‌ಗಳನ್ನೂ ಕೇಳುತ್ತಿರುತ್ತದೆ.

ಮೂರನೆಯ ಹೆಜ್ಜೆ: ಕೈಗಳನ್ನು ಹೆಸರಿಸಿ ಎಣಿಸುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯಾದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ. ಎಣಿಕೆಯ ನಿಯಮಗಳು ಸರಳ. ಯಾವುದೇ ಒಂದು ಜೋಡಿ ಕೈಗೆ ಬರಲು ಆರು ರೀತಿಗಳಿವೆ. ಆ ಅಂಕಿಯ ಒಂದು ಎಲೆ ಬೋರ್ಡಿನಲ್ಲಿದ್ದರೆ ಮೂರೇ ಉಳಿಯುತ್ತವೆ. ಎಕ್ಕ-ರಾಜದಂತಹ ಬೇರೆ ಬೇರೆ ಅಂಕಿಯ ಎರಡು ಎಲೆಗಳು ಬರಲು ಹದಿನಾರು ರೀತಿಗಳಿವೆ, ಅವುಗಳಲ್ಲಿ ಒಂದೇ ಬಣ್ಣದವು ನಾಲ್ಕು. ಕಾಣುತ್ತಿರುವ ಎಲೆಗಳನ್ನು ಕಳೆದು, ಉಳಿದವನ್ನು ಗುಣಿಸಿದರೆ ಸಾಕು. ಆಡುವವರು ಇವನ್ನು ಕಾಂಬೋ ಎನ್ನುತ್ತಾರೆ.

ಬಟನ್‌ನಲ್ಲಿರುವವರು ಫ್ಲಾಪ್‌ನಲ್ಲಿ ಕಾಲ್ ಮಾಡಿ ಟರ್ನ್‌ನಲ್ಲಿ ರೈಸ್ ಮಾಡಿದ್ದಾರೆ. ನಿಮ್ಮನ್ನು ಸೋಲಿಸುವ ಯಾವ ಕೈಗಳು ಹೀಗೆ ಆಡುತ್ತವೆ? ಎಂಟರ ಸೆಟ್, ನಾಲ್ಕರ ಸೆಟ್, ಟರ್ನ್‌ನಲ್ಲಿ ಕೂಡಿಬಂದ ಒಂಬತ್ತರ ಸೆಟ್: ತಲಾ ಮೂರರಂತೆ ಒಂಬತ್ತು ಕಾಂಬೋ. ರಾಜನ ಜೋಡಿ ಇದ್ದಿದ್ದರೆ ಫ್ಲಾಪ್‌ಗೆ ಮುಂಚೆಯೇ ಅವರು ಮತ್ತೆ ರೈಸ್ ಮಾಡುತ್ತಿದ್ದರು, ಅದನ್ನು ಬಿಡೋಣ. ಒಂದೇ ಬಣ್ಣದ ರಾಜ-ಒಂಬತ್ತು ಎರಡು, ರಾಜ-ಎಂಟು ಎರಡು, ಒಂಬತ್ತು-ಎಂಟು ಎರಡು. ಒಟ್ಟು ಹದಿನೈದು.

ಈ ಹದಿನೈದರ ಎದುರೂ ನಿಮಗೆ ಪೂರ್ತಿ ಸೋಲಿಲ್ಲ. ಸೆಟ್ ಎದುರು ನಿಮ್ಮನ್ನು ಉಳಿಸುವುದು ಬಾಕಿ ಇರುವ ಎರಡು ಎಕ್ಕಗಳು ಮಾತ್ರ, 44 ಎಲೆಗಳಲ್ಲಿ ಎರಡು. ಎರಡು ಜೋಡಿಯ ಎದುರು ಎಂಟು ಎಲೆಗಳಿವೆ. ಎರಡು ಎಕ್ಕಗಳ ಜೊತೆಗೆ, ಅವರ ಕೈಯಲ್ಲಿಲ್ಲದ ಬೋರ್ಡಿನ ಅಂಕಿ ಮತ್ತೊಮ್ಮೆ ಬಿದ್ದರೆ ನಿಮ್ಮ ಎರಡು ಜೋಡಿ ದೊಡ್ಡದಾಗುತ್ತದೆ. ಇವನ್ನೆಲ್ಲ ಕೂಡಿದರೆ ಹದಿನೈದು ಕಾಂಬೋಗಳ ಎದುರು ನಿಮ್ಮ ಪಾಲು ಒಂದೂವರೆ ಕಾಂಬೋ ಗೆದ್ದಷ್ಟು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ನಿಮಗೆ ಸೋಲುವ ಯಾವ ಕೈಗಳು ಇಲ್ಲಿ ರೈಸ್ ಮಾಡುತ್ತವೆ? ಬೋರ್ಡಿನಲ್ಲಿ ನಾಲ್ಕು ಬಣ್ಣಗಳೂ ಬಿದ್ದಿರುವುದರಿಂದ ಫ್ಲಶ್ ಡ್ರಾ ಎಂಬುದೇ ಇಲ್ಲ. ಒಂದೇ ಬಣ್ಣದ ಏಳು-ಆರು ಫ್ಲಾಪ್‌ನಲ್ಲಿ ಐದಕ್ಕಾಗಿ ಕಾದು ಬಂದಿರಬಹುದು, ಈಗ ಅದಕ್ಕೆ ಐದೂ ಆಗುತ್ತದೆ, ಹತ್ತೂ ಆಗುತ್ತದೆ, ನಾಲ್ಕು ಕಾಂಬೋ. ಗುಲಾಮ-ಹತ್ತು ಟರ್ನ್‌ನಲ್ಲಿ ಡ್ರಾ ಪಡೆದರೂ, ಫ್ಲಾಪ್‌ನಲ್ಲಿ ಏನೂ ಇಲ್ಲದೆ ಕಾಲ್ ಮಾಡುವವರು ಕಡಿಮೆ. ರಾಜ-ರಾಣಿಗೆ ಹನ್ನೆರಡು ಕಾಂಬೋ ಇವೆ, ಆದರೆ ಆ ಕೈ ಹಿಡಿದವರು ಇಲ್ಲಿ ಕಾಲ್ ಮಾಡುತ್ತಾರೆಯೇ ಹೊರತು ರೈಸ್ ಮಾಡುವುದಿಲ್ಲ. ಬಹಳ ಜನ ತಪ್ಪುವುದು ಇದೇ ಜಾಗದಲ್ಲಿ: ಎದುರಾಳಿಯ ಬಳಿ ಇರಬಹುದಾದ ಕೈಗಳನ್ನೆಲ್ಲ ಎಣಿಸಿಬಿಡುತ್ತಾರೆ, ರೈಸ್ ಮಾಡುವ ಕೈಗಳನ್ನಷ್ಟೇ ಎಣಿಸಬೇಕೆಂಬುದು ಮರೆತುಹೋಗುತ್ತದೆ.

ಏಳು-ಆರರ ನಾಲ್ಕು ಕಾಂಬೋ ಮಾತ್ರ ಸೇರಿಸಿದರೆ ಒಟ್ಟು ಹತ್ತೊಂಬತ್ತರ ಎದುರು ನಿಮ್ಮ ಗೆಲ್ಲುವ ಪಾಲು ಸುಮಾರು ಶೇ. 25. ಬೇಕಾದದ್ದು ಶೇ. 41, ಹತ್ತಿರವೂ ಇಲ್ಲ. ರಿವರ್‌ನ ಮೊತ್ತವನ್ನು ಲೆಕ್ಕಕ್ಕೆ ಹಿಡಿಯದೆ ಶೇ. 29 ಸಾಕೆಂದುಕೊಂಡರೂ ಸಾಲದು. ಶೇ. 41 ತಲುಪಲು ಇಂತಹ ಡ್ರಾಗಳು ಹನ್ನೆರಡರಷ್ಟು ಬೇಕು, ಈ ಬೋರ್ಡಿನಲ್ಲಿ ಅಷ್ಟನ್ನು ಹುಡುಕುವುದು ಕಷ್ಟ.

ಆದರೆ ಒಂದು ಹೆಸರನ್ನು ಇನ್ನೂ ಎತ್ತಿಲ್ಲ: ಎಕ್ಕ-ರಾಜ. ನಿಮ್ಮ ಕೈಯಲ್ಲಿ ಎರಡು ಎಕ್ಕ, ಬೋರ್ಡಿನಲ್ಲಿ ಒಂದು ರಾಜ ಇರುವುದರಿಂದ ಉಳಿದಿರುವುದು ಆರು ಕಾಂಬೋ. ಎದುರಾಳಿಯು ಎಕ್ಕ-ರಾಜವನ್ನು ಫ್ಲಾಪ್‌ಗೆ ಮುಂಚೆ ಬರೀ ಕಾಲ್ ಮಾಡಿ, ಟರ್ನ್‌ನಲ್ಲಿ ಇಷ್ಟು ಗಟ್ಟಿಯಾಗಿ ರೈಸ್ ಮಾಡುವವರಾಗಿದ್ದರೆ, ಈ ಆರನ್ನೂ ಸೇರಿಸಿದಾಗ ನಿಮ್ಮ ಪಾಲು ಶೇ. 42ಕ್ಕೆ ಏರುತ್ತದೆ, ಕಾಲ್ ಕೂದಲೆಳೆಯಷ್ಟು ಸರಿಯಾಗುತ್ತದೆ. ಇಡೀ ನಿರ್ಧಾರ ಈ ಆರು ಕಾಂಬೋಗಳ ಮೇಲೆ ನಿಂತಿದೆ. ‘ಅವರ ಬಳಿ ಸೆಟ್ ಇದೆಯೇ’ ಎಂದು ಮುಖ ನೋಡುತ್ತಾ ಕೂರುವುದಕ್ಕಿಂತ, ‘ಇವರು ಎಕ್ಕ-ರಾಜವನ್ನು ಹೀಗೆ ಆಡುತ್ತಾರೆಯೇ’ ಎಂದು ಕೇಳಿಕೊಳ್ಳುವುದು ಎಷ್ಟೋ ಹೆಚ್ಚು ಉಪಯುಕ್ತ, ಏಕೆಂದರೆ ಅದಕ್ಕೆ ಉತ್ತರ ಕಳೆದ ಒಂದು ಗಂಟೆಯ ಆಟದಲ್ಲಿ ಸಿಗಬಹುದು.

ಟರ್ನ್‌ನಲ್ಲಿ ಕಾಲ್ ಮಾಡಿ ರಿವರ್‌ನಲ್ಲಿ ಬಿಡುವ ದಾರಿಯೂ ಇದೆ. ಡ್ರಾ ಕೂಡದಿದ್ದಾಗ ರಿವರ್‌ನಲ್ಲಿ ಕೈ ಎತ್ತುವ, ಎರಡನೆಯ ಸಲ ಬ್ಲಫ್ ಮಾಡುವ ಧೈರ್ಯವಿಲ್ಲದ ಎದುರಾಳಿಯ ಮುಂದೆ ನಿಮ್ಮ ದರ ಶೇ. 29ರ ಹತ್ತಿರವೇ ಉಳಿಯುತ್ತದೆ. ಆದರೆ ಹೀಗೆ ಮಾಡುವವರು ರಿವರ್‌ನಲ್ಲಿ ಆಲ್-ಇನ್ (ಬಳಿಯಿರುವ ಎಲ್ಲ ಚಿಪ್ ಹಾಕುವುದು) ಬಂದಾಗ ನಿಜಕ್ಕೂ ಬಿಡಬೇಕು. ಟರ್ನ್‌ನಲ್ಲಿ ‘ರಿವರ್ ನೋಡಿ ನಿರ್ಧರಿಸೋಣ’ ಎಂದುಕೊಂಡವರು ರಿವರ್‌ನಲ್ಲಿ ‘ಇಷ್ಟು ಹಾಕಿದ ಮೇಲೆ ಇನ್ನೇನು’ ಎನ್ನುವುದಾದರೆ, ಟರ್ನ್‌ನಲ್ಲೇ ಬಿಡುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ರೈಸ್ ಬಂದ ಘಟ್ಟ, ಗಾತ್ರ, ವ್ಯಕ್ತಿ

ಫ್ಲಾಪ್‌ನ ರೈಸ್‌ನಲ್ಲಿ ಡ್ರಾಗಳು ಹೆಚ್ಚಿರುತ್ತವೆ, ಏಕೆಂದರೆ ಇನ್ನೂ ಎರಡು ಎಲೆ ಬಾಕಿ ಇರುವಾಗ ಡ್ರಾ ಹಿಡಿದವರಿಗೆ ರೈಸ್ ಮಾಡಲು ಸಕಾರಣವಿರುತ್ತದೆ. ಟರ್ನ್‌ಗೆ ಬಂದರೆ ಅವು ಕಡಿಮೆಯಾಗುತ್ತವೆ. ರಿವರ್‌ನಲ್ಲಿ ಡ್ರಾ ಎಂಬುದೇ ಇಲ್ಲ. ರೈಸ್ ಮಾಡಿದವರ ಬಳಿ ನಿಮ್ಮನ್ನು ಸೋಲಿಸುವ ಕೈ ಇರಬೇಕು, ಇಲ್ಲವೇ ಏನೂ ಇರಬಾರದು. ಸಣ್ಣ ಬ್ಲೈಂಡ್‌ಗಳ ಆಟಗಳಲ್ಲಿ, ನಾನು ಕಂಡಮಟ್ಟಿಗೆ, ಏನೂ ಇಲ್ಲದೆ ರಿವರ್‌ನಲ್ಲಿ ರೈಸ್ ಮಾಡುವವರು ಅಪರೂಪ. ಒಂದು ಜೋಡಿ ಹಿಡಿದು ರಿವರ್‌ನ ರೈಸ್ ಎದುರಿಸುವಾಗ ಬಿಡುವುದೇ ನಿಯಮ, ಕಾಲ್ ಮಾಡಲು ವಿಶೇಷ ಕಾರಣ ಬೇಕು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಬದಿಗೆ ತಳ್ಳಲಾಗದು. ಮೇಲಿನ ಉದಾಹರಣೆಯಲ್ಲಿ ಎದುರಾಳಿಯು 5,100 ಚಿಪ್‌ನ ಪಾಟ್ ಗೆಲ್ಲಲು 7,000 ಹಾಕಿದ್ದಾರೆ. ಅವರ ಬ್ಲಫ್ ನೂರಕ್ಕೆ 58 ಸಲ ಫಲಿಸಿದರೂ ಅವರಿಗೆ ನಷ್ಟವಿಲ್ಲ. ಅಂದರೆ ನೀವು ಇಲ್ಲಿಗೆ ತರುವ ಕೈಗಳಲ್ಲಿ ನೂರಕ್ಕೆ 42ರಷ್ಟನ್ನಾದರೂ ಬಿಡದೆ ಆಡದಿದ್ದರೆ, ಅವರು ಯಾವ ಎರಡು ಎಲೆ ಹಿಡಿದಾದರೂ ರೈಸ್ ಮಾಡಿ ಲಾಭ ಪಡೆಯಬಹುದು. ಎಕ್ಕದ ಜೋಡಿಯು ನಿಮ್ಮ ಕೈಗಳಲ್ಲಿ ಮೇಲಿನ ಸಾಲಿನದೇ ಆದ್ದರಿಂದ, ಸಮತೋಲನದ ಸಿದ್ಧಾಂತದ ಪ್ರಕಾರ ಅದನ್ನು ಸುಲಭವಾಗಿ ಬಿಡುವಂತಿಲ್ಲ. ನನ್ನ ಉತ್ತರ ಇಷ್ಟೇ: ಆ ಸಿದ್ಧಾಂತ ಬೇಕಾದಷ್ಟು ಬ್ಲಫ್ ಮಾಡುವ ಎದುರಾಳಿಯನ್ನು ಊಹಿಸಿಕೊಂಡದ್ದು. ನಿಮ್ಮ ಮುಂದೆ ಅಂಥವರು ಕುಳಿತಿದ್ದರೆ ಕಾಲ್ ಮಾಡಿ. ಬ್ಲಫ್ ಮಾಡದವರ ಮುಂದೆ ಸಮತೋಲನ ಕಾಯ್ದುಕೊಳ್ಳುವುದೆಂದರೆ ಅವರ ಸೆಟ್‌ಗಳಿಗೆ ಕಂದಾಯ ಕಟ್ಟಿದಂತೆ.

ವ್ಯಕ್ತಿಯನ್ನು ಅಳೆಯಲು ಮುಖಭಾವಕ್ಕಿಂತ ಎರಡು ಸಂಗತಿಗಳು ನಂಬಿಕೆಗೆ ಅರ್ಹ. ಅವರು ಎಷ್ಟು ಕೈಗಳನ್ನು ಆಡುತ್ತಿದ್ದಾರೆ ಎಂಬುದು ಒಂದು. ಹಿಂದೆ ರೈಸ್ ಮಾಡಿ ಎಲೆ ತೋರಿಸಿದಾಗ ಅಲ್ಲಿ ಏನಿತ್ತು ಎಂಬುದು ಇನ್ನೊಂದು. ಎರಡು ಗಂಟೆಯಲ್ಲಿ ಒಮ್ಮೆಯೂ ಟರ್ನ್‌ನಲ್ಲಿ ರೈಸ್ ಮಾಡದವರು ಈಗ ಮಾಡಿದ್ದಾರೆಂದರೆ, ಏಳು-ಆರರ ನಾಲ್ಕು ಕಾಂಬೋಗಳನ್ನೂ ಅಳಿಸಿಬಿಡಬಹುದು. ಮೂರನೆಯವರೊಬ್ಬರು ಇನ್ನೂ ಪಾಟ್‌ನಲ್ಲಿರುವಾಗ ಬಂದ ರೈಸ್ ಇನ್ನಷ್ಟು ನಂಬುವಂಥದ್ದು, ಏಕೆಂದರೆ ಇಬ್ಬರನ್ನು ಒಟ್ಟಿಗೆ ಓಡಿಸುವ ಬ್ಲಫ್‌ಗೆ ಕೈ ಹಾಕುವವರು ಕಡಿಮೆ.

ರಿವರ್‌ನಲ್ಲಿ ಫ್ಲಶ್: ಬಿಡಬಾರದ ಒಂದು ಸಂದರ್ಭ

ಬಿಡುವುದನ್ನು ಕಲಿತ ಹೊಸತರಲ್ಲಿ ಎಲ್ಲವನ್ನೂ ಬಿಡುವ ರೋಗ ಬರುತ್ತದೆ. ಆದ್ದರಿಂದ ವಿರುದ್ಧ ದಿಕ್ಕಿನ ಉದಾಹರಣೆಯೂ ಬೇಕು. ನೀವು ಬಟನ್‌ನಿಂದ ಇಸ್ಪೀಟು ಎಕ್ಕ, ಇಸ್ಪೀಟು ಗುಲಾಮ ಹಿಡಿದು ರೈಸ್ ಮಾಡಿದ್ದೀರಿ, ಬಿಗ್ ಬ್ಲೈಂಡ್ (ದೊಡ್ಡ ಬ್ಲೈಂಡ್ ಹಾಕಿದವರು) ಕಾಲ್ ಮಾಡಿದ್ದಾರೆ. ಬೋರ್ಡಿನಲ್ಲಿ ಇಸ್ಪೀಟು ರಾಣಿ, ಇಸ್ಪೀಟು ಏಳು, ಡೈಮಂಡ್ ಎರಡು, ನಂತರ ಆಟೀನು ಏಳು, ಕೊನೆಗೆ ಇಸ್ಪೀಟು ರಾಜ. ನಿಮ್ಮದು ಅತ್ಯಂತ ದೊಡ್ಡ ಫ್ಲಶ್, ಆದರೆ ಬೋರ್ಡಿನಲ್ಲಿ ಏಳರ ಜೋಡಿ ಇರುವುದರಿಂದ ಅದನ್ನು ಸೋಲಿಸುವ ಫುಲ್ ಹೌಸ್ (ಒಂದು ಅಂಕಿಯ ಮೂರು, ಇನ್ನೊಂದರ ಎರಡು ಎಲೆ) ಸಾಧ್ಯ. ಪಾಟ್ 10,000 ಇದ್ದಾಗ ನೀವು 6,000 ಹಾಕಿದ್ದೀರಿ, ಅವರು 18,000ಕ್ಕೆ ರೈಸ್ ಮಾಡಿದ್ದಾರೆ. ಕಾಲ್ ಮಾಡಲು 12,000, ಒಟ್ಟು ಪಾಟ್ 46,000, ಬೇಕಾದದ್ದು ಶೇ. 26.

ರಾಣಿಯ ಜೋಡಿ, ರಾಜನ ಜೋಡಿ ಹಿಡಿದ ಬಿಗ್ ಬ್ಲೈಂಡ್ ಮೊದಲೇ ಮತ್ತೆ ರೈಸ್ ಮಾಡಿರುತ್ತಿದ್ದರು. ಉಳಿದದ್ದು ಎರಡರ ಜೋಡಿ ಮೂರು, ಒಂದೇ ಬಣ್ಣದ ರಾಣಿ-ಏಳು ಎರಡು, ರಾಜ-ಏಳು ಎರಡು, ಏಳರ ಜೋಡಿ ಒಂದು: ಒಟ್ಟು ಎಂಟು. ಇವುಗಳ ಎದುರು ನಿಮಗೆ ಸೋಲುವ ಮೂರು ಕಾಂಬೋ ಇದ್ದರೆ ಹನ್ನೊಂದರಲ್ಲಿ ಮೂರು, ಅಂದರೆ ಶೇ. 27, ಕಾಲ್‌ಗೆ ಅಷ್ಟೇ ಸಾಕು. ಇಸ್ಪೀಟಿನ ಹತ್ತು-ಒಂಬತ್ತು, ಒಂಬತ್ತು-ಎಂಟು, ಆರು-ಐದು ಇತ್ಯಾದಿ ಸಣ್ಣ ಫ್ಲಶ್‌ಗಳನ್ನು ಹಿಡಿದು ಸಂತೋಷದಿಂದ ರೈಸ್ ಮಾಡುವವರು ಎಲ್ಲ ಮೇಜುಗಳಲ್ಲೂ ಇರುತ್ತಾರೆ. ಹೀಗಾಗಿ ಇಲ್ಲಿ ಕಾಲ್ ಸರಿ. ಮತ್ತೆ ರೈಸ್ ಮಾಡುವುದು ಮಾತ್ರ ತಪ್ಪು, ಏಕೆಂದರೆ ಅದನ್ನು ಕಾಲ್ ಮಾಡುವವರ ಬಳಿ ಹೆಚ್ಚಾಗಿ ಆ ಎಂಟರಲ್ಲೊಂದು ಇರುತ್ತದೆ. ‘ಬಿಡುವುದೋ, ಎಲ್ಲವನ್ನೂ ಹಾಕುವುದೋ’ ಎಂಬ ಎರಡೇ ದಾರಿ ಕಾಣುವವರಿಗೆ ಈ ಮಧ್ಯದ ದಾರಿ ತೋಚುವುದಿಲ್ಲ.

ಇದೇ ಬೋರ್ಡಿನಲ್ಲಿ ಇಸ್ಪೀಟಿನ ಆರು-ಐದು ನಿಮ್ಮ ಕೈಯಲ್ಲಿದ್ದಿದ್ದರೆ? ಅದೂ ಫ್ಲಶ್ಶೇ, ಆದರೆ ರೈಸ್ ಮಾಡುವ ಫ್ಲಶ್‌ಗಳಲ್ಲಿ ಹೆಚ್ಚಿನವು ಈಗ ನಿಮ್ಮನ್ನು ಸೋಲಿಸುವ ಕಡೆಗೆ ಹೋಗಿಬಿಟ್ಟಿವೆ. ಇಸ್ಪೀಟು ಎಕ್ಕ ನಿಮ್ಮ ಬಳಿ ಇದ್ದಾಗ ಇನ್ನೊಂದು ಸೂಕ್ಷ್ಮವೂ ಇದೆ: ಆ ಒಂದೇ ಎಲೆಯನ್ನು ಹಿಡಿದು, ದೊಡ್ಡ ಫ್ಲಶ್ ಇರುವಂತೆ ನಟಿಸಿ ಬ್ಲಫ್ ಮಾಡುವ ಅವಕಾಶ ಎದುರಾಳಿಗೆ ತಪ್ಪುತ್ತದೆ. ಹಾಗಾಗಿ ಎಕ್ಕ ಹಿಡಿದು ಕಾಲ್ ಮಾಡುವಾಗ ಬ್ಲಫ್ ನಿರೀಕ್ಷಿಸಬೇಡಿ, ಸಣ್ಣ ಫ್ಲಶ್‌ಗಳನ್ನು ನಿರೀಕ್ಷಿಸಿ.

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದಲ್ಲಿ, ಕೊನೆಯ ಇಬ್ಬರು ಉಳಿದಾಗ, ಸ್ಯಾಮಿ ಫರ್ಹಾ ಕೈಯ ಒಂಬತ್ತು ಬೋರ್ಡಿನ ಒಂಬತ್ತರೊಡನೆ ಸೇರಿ ಒಂಬತ್ತರ ಜೋಡಿಯಾಗಿತ್ತು. ಬೋರ್ಡಿನಲ್ಲಿ ಅದಕ್ಕಿಂತ ದೊಡ್ಡ ಎಲೆ ಇರಲಿಲ್ಲ. ಕ್ರಿಸ್ ಮನಿಮೇಕರ್ ರಿವರ್‌ನಲ್ಲಿ ಆಲ್-ಇನ್ ಹೇಳಿದರು, ಫರ್ಹಾ ಬಹಳ ಯೋಚಿಸಿ ಬಿಟ್ಟರು. ಮನಿಮೇಕರ್ ಕೈಯಲ್ಲಿದ್ದದ್ದು ಫ್ಲಶ್ಶೂ ಸ್ಟ್ರೈಟೂ ಕೂಡದ ರಾಜ-ಏಳು. ‘ಆದ್ದರಿಂದ ಎಂದೂ ಬಿಡಬಾರದು’ ಎನ್ನಲು ಈ ಕೈಯನ್ನು ಉದಾಹರಿಸುವವರಿದ್ದಾರೆ. ನನಗೆ ಅದು ಬೇರೆಯದನ್ನೇ ಹೇಳುತ್ತದೆ. ಆ ಬೋರ್ಡಿನಲ್ಲಿ ಒಂಬತ್ತು, ಎಂಟು, ಆರು ಒಟ್ಟಿಗಿದ್ದವು, ಮೂರೂ ಇಸ್ಪೀಟು. ಕೂಡದೆ ಹೋಗಬಹುದಾದ ಡ್ರಾಗಳು ತುಂಬಿದ್ದ ಬೋರ್ಡು ಅದು. ನಮ್ಮ ಮೊದಲ ಉದಾಹರಣೆಯ ಒಣ ಬೋರ್ಡಿಗೂ ಇದಕ್ಕೂ ಇರುವ ಅಂತರವೇ ಕಲಿಯಬೇಕಾದ ವಿಷಯ.

ಫ್ಲಾಪ್‌ಗೆ ಮುಂಚೆ ರಾಜನ ಜೋಡಿ

ರಾಜನ ಜೋಡಿ ಬಂದಾಗಲೆಲ್ಲ ಎದುರಿಗೆ ಎಕ್ಕದ ಜೋಡಿ ಕಾಣುವವರಿದ್ದಾರೆ. ನಿಮ್ಮ ಬಳಿ ರಾಜನ ಜೋಡಿ ಇದ್ದಾಗ ಒಬ್ಬ ನಿರ್ದಿಷ್ಟ ಎದುರಾಳಿಯ ಬಳಿ ಎಕ್ಕದ ಜೋಡಿ ಇರುವ ಸಾಧ್ಯತೆ 1,225ರಲ್ಲಿ ಆರು, ಅಂದರೆ ಶೇ. ಅರ್ಧದಷ್ಟು, ಒಂಬತ್ತು ಜನರ ಮೇಜಿನಲ್ಲಿ ಉಳಿದ ಎಂಟು ಜನರಲ್ಲಿ ಯಾರಾದರೊಬ್ಬರ ಬಳಿ ಇರುವ ಸಾಧ್ಯತೆ ಸುಮಾರು ಶೇ. 4. ನೀವು 4,800ರವರೆಗೆ ರೈಸ್ ಮಾಡಿದ ಮೇಲೆ ಎದುರಾಳಿಯು 20,000ಕ್ಕೆ ಆಲ್-ಇನ್ ಹೇಳಿದರೆ ನಿಮಗೆ ಬೇಕಾದದ್ದು ಸುಮಾರು ಶೇ. 38. ಅವರು ಎಕ್ಕದ ಜೋಡಿ ಮತ್ತು ಎಕ್ಕ-ರಾಜ ಎರಡರಿಂದ ಮಾತ್ರ ಹೀಗೆ ಮಾಡುತ್ತಾರೆಂದು ಇಟ್ಟುಕೊಂಡರೂ, ಮೊದಲನೆಯದು ಆರು ಕಾಂಬೋ, ಎರಡನೆಯದು ಎಂಟು; ನಿಮ್ಮ ಪಾಲು ಶೇ. 47ರ ಸುತ್ತ ನಿಲ್ಲುತ್ತದೆ. ಕಾಲ್ ಮಾಡಿ. ನೂರು ಬಿಗ್ ಬ್ಲೈಂಡ್‌ನಷ್ಟು ಚಿಪ್ ಇರುವ ಸಾಮಾನ್ಯ ಆಟದಲ್ಲಿ ಫ್ಲಾಪ್‌ಗೆ ಮುಂಚೆ ರಾಜನ ಜೋಡಿ ಬಿಡುವುದು, ಎಕ್ಕದ ಜೋಡಿ ಬಿಟ್ಟು ಬೇರೇನಕ್ಕೂ ಆಲ್-ಇನ್ ಹೇಳದ ವ್ಯಕ್ತಿಯ ಎದುರು ಮಾತ್ರ ಸರಿ.

ಸೆಟ್‌ನ ವಿಷಯವೂ ಹೀಗೆಯೇ. ಕೈಯಲ್ಲಿ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಸೆಟ್ ಕೂಡಿಬರುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಅದಕ್ಕೂ ದೊಡ್ಡ ಸೆಟ್ ಎದುರಿಗಿರುತ್ತದೆಂದು ಹೆದರಿ ಬಿಡುವವರು ಬಿಟ್ಟುಕೊಡುವ ಲಾಭವೇ ಹೆಚ್ಚು. ಪಾಟ್‌ಗೆ ಹೋಲಿಸಿದರೆ ನಿಮ್ಮ ಬಳಿ ಉಳಿದಿರುವುದು ಸ್ವಲ್ಪವೇ ಆಗಿದ್ದಾಗಲೂ ಇಷ್ಟೆಲ್ಲ ಎಣಿಕೆ ಬೇಡ. ಫ್ಲಾಪ್ ಬೀಳುವಾಗ ಉಳಿದ ಚಿಪ್ ಪಾಟ್‌ನ ಎರಡು-ಮೂರು ಪಟ್ಟು ಮಾತ್ರವಿದ್ದರೆ, ಬೋರ್ಡಿಗಿಂತ ದೊಡ್ಡ ಜೋಡಿಯನ್ನು ಹಿಡಿದು ಮುಂದುವರಿಯುವುದೇ ಸಾಮಾನ್ಯವಾಗಿ ಸರಿ.

ಟೂರ್ನಮೆಂಟ್‌ನಲ್ಲಿ ದರವೇ ಬದಲಾಗುತ್ತದೆ

ಈವರೆಗಿನ ಲೆಕ್ಕವೆಲ್ಲ ಗೆದ್ದ ಚಿಪ್‌ಗೂ ಕಳೆದ ಚಿಪ್‌ಗೂ ಒಂದೇ ಬೆಲೆ ಎಂಬ ಆಧಾರದ ಮೇಲೆ ನಿಂತಿದೆ. ಟೂರ್ನಮೆಂಟ್‌ನಲ್ಲಿ ಹಾಗಲ್ಲ. ಅಲ್ಲಿ ಎಲ್ಲ ಚಿಪ್ ಕಳೆದರೆ ಹೊರಗೆ ಹೋಗಬೇಕು, ಚಿಪ್ ಎರಡು ಪಟ್ಟಾದರೂ ಬಹುಮಾನದ ನಿರೀಕ್ಷೆ ಎರಡು ಪಟ್ಟಾಗುವುದಿಲ್ಲ. ಬಹುಮಾನದ ಸಾಲು ಶುರುವಾಗಲು ಒಬ್ಬಿಬ್ಬರಷ್ಟೇ ಹೊರಹೋಗಬೇಕಾದ ಹೊತ್ತಿನಲ್ಲಿ, ಶೇ. 38 ಸಾಕೆಂದು ಚಿಪ್ ಲೆಕ್ಕ ಹೇಳಿದರೂ ನಿಜಕ್ಕೂ ಬೇಕಾದದ್ದು ಶೇ. 50ಕ್ಕೂ ಮೇಲಿರಬಹುದು. ಮೇಜಿನಲ್ಲಿ ನಿಮಗಿಂತ ಹೆಚ್ಚು ಚಿಪ್ ಇರುವವರು ರೈಸ್ ಮಾಡಿದಾಗ ಈ ಏರಿಕೆ ಅತಿ ಹೆಚ್ಚು, ಏಕೆಂದರೆ ನಿಮ್ಮನ್ನು ಹೊರಗೆ ಕಳುಹಿಸಬಲ್ಲವರು ಅವರೇ.

ಇದರ ತುತ್ತತುದಿ ಸ್ಯಾಟಲೈಟ್ ಪಂದ್ಯ. ಹತ್ತು ಜನರಿಗೆ ದೊಡ್ಡ ಪಂದ್ಯದ ಪ್ರವೇಶ, ಎಲ್ಲರಿಗೂ ಒಂದೇ ಬಹುಮಾನ, ಈಗ ಉಳಿದಿರುವುದು ಹನ್ನೊಂದು ಜನ ಎಂದಿಟ್ಟುಕೊಳ್ಳಿ. ನಿಮ್ಮ ಬಳಿ ಸಾಕಷ್ಟು ಚಿಪ್ ಇದೆ, ಒಬ್ಬರ ಬಳಿ ಎರಡು ಬ್ಲೈಂಡ್‌ನಷ್ಟೂ ಇಲ್ಲ. ನಿಮಗಿಂತ ಹೆಚ್ಚು ಚಿಪ್ ಇರುವವರೊಬ್ಬರು ಆಲ್-ಇನ್ ಹೇಳುತ್ತಾರೆ, ನಿಮ್ಮ ಕೈಯಲ್ಲಿ ಎಕ್ಕದ ಜೋಡಿ. ರಾಜನ ಜೋಡಿಯ ಎದುರೂ ಅದು ನೂರಕ್ಕೆ ಹದಿನೆಂಟು ಸಲ ಸೋಲುತ್ತದೆ. ಗೆದ್ದರೆ ಹೆಚ್ಚಿನದೇನೂ ಸಿಗದು, ಸೋತರೆ ಕೈಗೆ ಬಂದ ಪ್ರವೇಶ ಹೋಗುತ್ತದೆ. ಹೋಲ್ಡೆಮ್‌ನ ಅತ್ಯುತ್ತಮ ಕೈಯನ್ನು ಒಂದು ಎಲೆಯೂ ಬೀಳುವ ಮೊದಲೇ ಬಿಡುವುದು ಅಲ್ಲಿ ಸರಿಯಾದ ಆಟ.

ಮೇಜಿನಿಂದ ಎದ್ದ ಮೇಲೆ

ಮೂವತ್ತು ಸೆಕೆಂಡಿನಲ್ಲಿ ಹದಿನೈದು ಕಾಂಬೋ ಎಣಿಸುವುದು ಮೊದಲ ದಿನ ಯಾರಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೇಜಿನಲ್ಲಿ ‘ಸೆಟ್ ಒಂಬತ್ತು, ಎರಡು ಜೋಡಿ ಆರು, ಡ್ರಾ ನಾಲ್ಕು’ ಎಂಬಷ್ಟು ಒರಟು ಲೆಕ್ಕ ಸಾಕು. ನಿಖರ ಲೆಕ್ಕ ಮನೆಯಲ್ಲಿ ಆಗಬೇಕು. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ರೈಸ್ ಎದುರಾಗಿ ಕಷ್ಟವೆನಿಸಿದ ಪ್ರತಿಯೊಂದು ಕೈಗೂ ಸ್ಥಾನ, ಪ್ರತಿ ಘಟ್ಟದ ಪಾಟ್, ಬೋರ್ಡಿನ ಎಲೆಗಳು ಬಣ್ಣಸಮೇತ, ರೈಸ್‌ನ ಗಾತ್ರ, ಉಳಿದ ಚಿಪ್ ಬರೆಯಿರಿ. ಅದರ ಕೆಳಗೆ, ಫಲಿತಾಂಶ ಬರೆಯುವ ಮೊದಲು, ಎರಡು ಸಾಲುಗಳನ್ನು ಎಳೆಯಿರಿ: ನನ್ನನ್ನು ಸೋಲಿಸುವ ಕೈಗಳು, ನನಗೆ ಸೋತರೂ ರೈಸ್ ಮಾಡುವ ಕೈಗಳು. ಎಣಿಸಿ, ದರದೊಡನೆ ಹೋಲಿಸಿ, ಆಮೇಲೆ ಎದುರಾಳಿ ತೋರಿಸಿದ ಎಲೆಗಳನ್ನು ಬರೆಯಿರಿ. ಫಲಿತಾಂಶವನ್ನು ಮೊದಲು ಬರೆದರೆ ಎಣಿಕೆ ತಾನಾಗಿಯೇ ಅದರ ಕಡೆಗೆ ವಾಲುತ್ತದೆ.

ನೀವು ಬಿಟ್ಟಾಗ ಎದುರಾಳಿಯು ಎಲೆ ತೋರಿಸದೆ ಡೆಕ್ಕಿಗೆ ಸೇರಿಸಿದ್ದರೆ, ಫಲಿತಾಂಶದ ಜಾಗವನ್ನು ಖಾಲಿ ಬಿಡಿ. ‘ಬಹುಶಃ ಬ್ಲಫ್’ ಎಂದು ಅಲ್ಲಿ ಬರೆಯಬೇಡಿ. ಮುಂದಿನ ವಾರ ಪುಸ್ತಕ ತೆರೆದಾಗ ಆ ಊಹೆ ಕಂಡ ಸತ್ಯದಂತೆ ಓದಿಸಿಕೊಳ್ಳುತ್ತದೆ.